ಪೆಟ್ಟಿಗೆ ಹೊರುವ ಹೆಗಲು

ಲಿಪೊವಾ ಗೂರಾ
ಗುರುವಾರ, 8 ಜುಲೈ 2021

ಪ್ರೀತಿಯ ಅಣ್ಣ ಆಲ್ಬಿನ್‌ಗೆ,

ಹೇಗಿದ್ದೀಯ? ಹೊಟ್ಟೆಯ ಹುಣ್ಣು ಮಾಯಿತೇ? ಹುಳಿ ಸೌತೆಕಾಯಿ ಬಿಟ್ಟಿದ್ದೀಯೋ, ಇಲ್ಲ ಅತ್ತಿಗೆಯ ಕಣ್ಣು ತಪ್ಪಿಸಿ ಭರಣಿಗೆ ಕೈ ಹಾಕುವುದು ಈಗಲೂ ಉಂಟೋ? ಅತ್ತಿಗೆಯ ತಲೆನೋವು ಹೇಗಿದೆ? ನಿಮ್ಮ ಗೇಟಿನ ಮುಂದೆ ತಗಡು ಬಡಿಯುವವರು, ಪೀಪಿ ಊದುವವರು ಕಡಿಮೆಯಾಗಿದ್ದಾರೆಂದು ಕೇಳಿದೆ. ರಾತ್ರಿ ನಿದ್ದೆ ಬರುತ್ತಿದೆ ಎಂದುಕೊಳ್ಳುತ್ತೇನೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ಜ್ವರವಿಲ್ಲ, ಹೊಲಿಗೆ ಬಿದ್ದಿಲ್ಲ. ಹಾಲು ಮಾತ್ರ ಬರುತ್ತಿದೆ. ಅದಕ್ಕೆ ಯಾರೂ ಸುದ್ದಿ ಮುಟ್ಟಿಸಿಲ್ಲ. ಸೂಲಗಿತ್ತಿ ಸಬೀನಾ ಎಲೆಕೋಸಿನ ತಣ್ಣನೆಯ ಎಲೆ ಕಟ್ಟಿಕೋ ಎಂದಿದ್ದಾಳೆ. ಆದ್ದರಿಂದ ಈ ಪತ್ರ ಬರೆಯುತ್ತಿರುವ ನಿನ್ನ ತಂಗಿಯ ಎದೆಯ ಮೇಲೆ ಎರಡು ಕೋಸಿನೆಲೆಗಳಿವೆ. ನಗಬೇಕೆನಿಸಿದರೆ ನಗು. ನಿನ್ನ ಭಾವ ವಿತೋಲ್ದ್ ಕೂಡ ನಕ್ಕ. ಆಮೇಲೆ ಸೌದೆ ಕೋಣೆಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ.

ಸುದ್ದಿ ನಿನಗೆ ಅಮ್ಮನಿಂದ ತಿಳಿದಿದೆ. ರೋಜಾ ಸೋಮವಾರ ಬೆಳಿಗ್ಗೆ ಹುಟ್ಟಿದಳು, ಸೋಮವಾರ ಸಂಜೆ ಹೋದಳು. ಶನಿವಾರ ಹನ್ನೊಂದಕ್ಕೆ ಮಣ್ಣು. ನಿನ್ನೆ ನಿನ್ನ ಕಾರ್ಯದರ್ಶಿ ಹುಡುಗ ಫೋನ್ ಮಾಡಿದ್ದ. "ನ್ಯಾಯಮೂರ್ತಿಗಳು ಬರ್ತಾರೆ ಮೇಡಂ. ಜ್ಞಾನತಂದೆ ಅಲ್ವಾ, ಪೆಟ್ಟಿಗೆನ ಅವ್ರೇ ಹೊರ್ತಾರೆ. ಟೀವಿಯವ್ರು ನಿಲ್ಲೋಕೆ ಎಲ್ಲಾದ್ರೂ ಒಂಚೂರು ಎತ್ತರದ ಜಾಗ ಮಾಡ್ಕೊಡಿ" ಎಂದ. ಮದುವೆ ಛತ್ರ ಗೊತ್ತುಮಾಡುವವನ ಹಾಗೆ ಉತ್ಸಾಹದ ದನಿ. ಯಾರ ಮಗನೋ, ಒಳ್ಳೆಯ ಸಂಸ್ಕಾರ. ಈ ಪತ್ರ ಆ ಪೆಟ್ಟಿಗೆಯ ಬಗ್ಗೆ, ಅದನ್ನು ಯಾರು ಹೊರುತ್ತಾರೆ ಎಂಬುದರ ಬಗ್ಗೆ. ಫೋನಿನಲ್ಲಿ ನಿನ್ನನ್ನು ಹಿಡಿಯುವುದು ನನ್ನಿಂದ ಆಗದ ಕೆಲಸ. ಅದಕ್ಕೇ ರಾಜಧಾನಿಯ ಬಸ್ಸು ಓಡಿಸುವ ವಿತೋಲ್ದ್‌ನ ದೊಡ್ಡಪ್ಪನ ಮಗನ ಕೈಲಿ ಕಳಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ನಿನ್ನ ಗೇಟಿನ ಪೊಲೀಸನಿಗೆ ಕೊಡುತ್ತಾನೆ. ಪೊಲೀಸ್ ಮೊದಲು ಓದಿದರೂ ಬೇಸರವಿಲ್ಲ, ಇದರಲ್ಲಿ ಊರಿಗೆ ಗೊತ್ತಿಲ್ಲದ್ದು ಕಡಿಮೆ.

ನಮ್ಮ ಗುಡ್ಡದ ಕಡೆಯ ಪದ್ಧತಿಯನ್ನು ನೀನು ಮರೆತಿಲ್ಲ ಎಂಬುದು ಒಂದು ಸಮಾಧಾನ. ಸತ್ತ ಮಗುವನ್ನು ಗಾಡಿಯಲ್ಲಿ ಒಯ್ಯುವುದಿಲ್ಲ, ಹೆತ್ತ ಅಪ್ಪ ಪೆಟ್ಟಿಗೆ ಮುಟ್ಟುವುದಿಲ್ಲ. ಜ್ಞಾನಸ್ನಾನದ ನೀರು ಹಾಕುವ ದಿನ ಮಗುವಿಗೆ ಜ್ಞಾನತಂದೆಯಾಗಿ ನಿಂತವನೇ, ಫಾದರ್ ಹೆಸರು ಹಿಡಿದು ಕರೆದಾಗ, ಬಿಳಿಯ ನಾರುಬಟ್ಟೆಯನ್ನು ಹೆಗಲಿನಿಂದ ಇಳಿಬಿಟ್ಟುಕೊಂಡು, ಅದರೊಳಗೆ ಪೆಟ್ಟಿಗೆ ಇಟ್ಟುಕೊಂಡು, ಹೊಸ್ತಿಲಿನಿಂದ ಗುಡ್ಡದ ಮೇಲಿನ ಸಮಾಧಿಗಳ ತನಕ ಹೊರಬೇಕು. ಪಕ್ಕದ ಮನೆಯ ಕೂಸಿಗೆ ನಮ್ಮಪ್ಪ ಹಾಗೆ ಹೊತ್ತದ್ದನ್ನು ನಾವಿಬ್ಬರೂ ಬೇಲಿಯ ಮೇಲೆ ಕೂತು ನೋಡಿದ್ದೆವು. ಜ್ಞಾನತಂದೆಯಾಗು ಎಂದು ಯಾರಾದರೂ ಬಾಗಿಲಿಗೆ ಬಂದು ಕೇಳಿದರೆ ನಮ್ಮಲ್ಲಿ ಇಲ್ಲವೆನ್ನುವ ಹಾಗಿಲ್ಲ. ಕುಡುಕನೂ ಇಲ್ಲವೆಂದದ್ದಿಲ್ಲ. ಆದರೆ ಯಾರೂ ಕೇಳದೆ, ಬಾಗಿಲೂ ತಟ್ಟದೆ, ತಾನೇ ಜ್ಞಾನತಂದೆ ಎಂದು ಸಾರಿಕೊಂಡವನು ಈ ಊರಿನಲ್ಲಿ ನೀನೊಬ್ಬನೇ. ಯಾರೂ ಕರೆಯದ ಜಾಗದಲ್ಲಿ ಹೋಗಿ ಕೂರುವುದು ನಿನಗೆ ಅಭ್ಯಾಸವಾಗಿಬಿಟ್ಟಿದೆ ಅಣ್ಣ.

ಸಂವಿಧಾನ ಪೀಠದ ಆ ಮೊದಲ ಕುರ್ಚಿಯನ್ನೇ ನೋಡು. ಹಳೆಯ ಸಂಸತ್ತು ಅದಕ್ಕೆ ಪ್ರೊಫೆಸರ್ ಸೊಬೊತ್ಕಾ ಅವರನ್ನು ಆರಿಸಿತ್ತು. ಸರ್ಕಾರ ಬದಲಾಯಿತು. ಅವರಿಗೆ ಪ್ರಮಾಣವಚನ ಸಿಗಲೇ ಇಲ್ಲ, ಅದೇ ಕುರ್ಚಿಗೆ ನಿನ್ನನ್ನು ಆರಿಸಿ ಅವಸರವಸರವಾಗಿ ಪ್ರಮಾಣ ಮಾಡಿಸಿದರು. ಪತ್ರಿಕೆಗಳು ನಿನ್ನನ್ನು ನಕಲಿ ನ್ಯಾಯಾಧೀಶ ಎಂದು ಕರೆದ ದಿನ ಅಮ್ಮ ಇಡೀ ಬೀದಿಗೆ ಗಸಗಸೆ ಕೇಕು ಹಂಚಿದಳು. "ನನ್ ಮಗ ದೇಶದ ದೊಡ್ಡ ಪೀಠಕ್ಕೆ ಏರ್ದ, ಇವ್ರಿಗೆ ಹೊಟ್ಟೆಕಿಚ್ಚು" ಎಂದಳು. ನಾನೂ ಎರಡು ತುಂಡು ತಿಂದೆ. ಕೇಕು ತಿನ್ನುವಾಗ ಕುರ್ಚಿ ಯಾರದೆಂದು ಯಾರು ಕೇಳುತ್ತಾರೆ? ನನ್ನ ತಲೆಗೆ ಆಗ ಹೊಳೆದದ್ದು ಇಷ್ಟೇ: ನ್ಯಾಯ ಎಂದರೆ ಎಲ್ಲೋ ದೂರದಲ್ಲಿ ಗಂಡಸರು ಕಪ್ಪು ಗೌನು ತೊಟ್ಟು ಆಡುವ ಮಾತು, ನಮ್ಮ ಅಡುಗೆಮನೆಗೆ ಅದರ ಸದ್ದು ಬರುವುದಿಲ್ಲ.

ಹೋದ ಅಕ್ಟೋಬರಿನಲ್ಲಿ ಬಂತು. ಬದುಕಲಾರದ ಕೂಸಾದರೂ ಹೆಂಗಸು ಅದನ್ನು ಹೊತ್ತು ಹೆರಲೇಬೇಕು ಎಂದು ನೀವು ಪೀಠದವರು ತೀರ್ಪು ಓದಿದಿರಿ. ಇಡೀ ಪೋಲೆಂಡ್ ಬೀದಿಗಿಳಿಯಿತು. ನಮ್ಮ ಚೌಕದಲ್ಲೂ ಹೆಂಗಸರು ಸೇರಿದರು; ಹಾಲು ಕರೆದು ನೇರ ಬಂದವರು, ಗಮ್‌ಬೂಟು ಕಳಚದವರು. ಊರಿನ ಮದುವೆಗೆ, ಹೆಸರಿನ ಸಂತರ ಹಬ್ಬಕ್ಕೆ ಪ್ರಾಸ ಕಟ್ಟಿಕೊಡುವವಳು ಶಾಲೆಯ ಈ ಲುದ್ಕಾ ಟೀಚರೇ ಅಲ್ಲವೇ? ಔಷಧಿ ಅಂಗಡಿಯ ಹುಡುಗಿ ಒಂದು ರಟ್ಟು ಹಿಡಿದು ಬಂದಳು. "ಟೀಚರ್, ಎರಡು ಸಾಲು ಬರ್ಕೊಡಿ. ಬೈಗುಳ ಬೇಡ, ಬೈಗುಳ ನಮಗೇ ಬರುತ್ತೆ" ಎಂದಳು. ಬರೆದುಕೊಟ್ಟೆ:

ಕುರ್ಚಿ ಕಂಡವರದು, ಬಸಿರು ಹೊತ್ತವರದು;
ಇಳಿ ಕೆಳಗೆ, ನಡಿ ಹೊರಗೆ.

ಬರೆಯುವಾಗ ನಿನ್ನ ಮುಖ ಎದುರಿಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದು ನಮ್ಮ ಚೌಕದಿಂದ ಹೊರಟು, ಊರೂರು ದಾಟಿ, ನಿನ್ನ ಗೇಟಿನ ಮುಂದೆ ಸಾವಿರ ಬಾಯಲ್ಲಿ ಮೊಳಗುತ್ತದೆ ಎಂದು ನಾನೇನು ಕನಸು ಕಂಡಿದ್ದೆನೇ? ಅತ್ತಿಗೆ ಫೋನ್ ಮಾಡಿ, "ಲುದ್ಕಾ, ಈ ಪ್ರಾಸ ನಿಂದೇ ತಾನೆ? ನಂಗೊತ್ತಾಗುತ್ತೆ ಕಣೇ, ನಮ್ಮ ಮದುವೆಗೆ ನೀನ್ ಓದಿದ್ದೂ ಹಿಂಗೇ ಇತ್ತು" ಎಂದು ಅತ್ತಳು. ನನ್ನ ಕವಿತ್ವಕ್ಕೆ ಅಷ್ಟು ಬೇಗ ಮನ್ನಣೆ ಸಿಕ್ಕದ್ದು ಅದೇ ಮೊದಲು. ಅಂದಿನಿಂದ ನೀನು ಮಾತು ಬಿಟ್ಟೆ. ಚೌಕದಲ್ಲಿ ಚಳಿಗೆ ನಡುಗುತ್ತಾ ನಾನು ಕೂಗುತ್ತಿದ್ದಾಗ ರೋಜಾ ಆಗಲೇ ನನ್ನೊಳಗೆ ಬಂದಿದ್ದಳು. ನನಗೆ ತಿಳಿದಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷ ಕಾದು, ಕಾದು, ತೊಟ್ಟಿಲನ್ನು ವಿತೋಲ್ದ್‌ನ ತಮ್ಮನ ಮನೆಗೆ ಕೊಟ್ಟುಬಿಟ್ಟ ಮೇಲೆ ಬಂದವಳು ಅವಳು.

ಕ್ರಿಸ್‌ಮಸ್‌ಗೆ ನೀನು ಬರಲಿಲ್ಲವಾಗಿ ನಮ್ಮ ಸಂಭ್ರಮವನ್ನು ನೋಡಲಿಲ್ಲ. ಅಮ್ಮ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಹಾಡಿದ್ದೇನು, ವಿತೋಲ್ದ್ ಪೈನ್ ಮರದಲ್ಲಿ ಹೊಸ ತೊಟ್ಟಿಲು ಕೊರೆಯತೊಡಗಿದ್ದೇನು. ಜನವರಿಯಲ್ಲಿ ಜಿಲ್ಲಾ ಆಸ್ಪತ್ರೆಯ ಡಾಕ್ಟರು ಸ್ಕ್ಯಾನ್ ಮಾಡುತ್ತಾ ಮಾಡುತ್ತಾ ಪರದೆಯನ್ನು ಮೆಲ್ಲಗೆ ತಮ್ಮ ಕಡೆಗೆ ತಿರುಗಿಸಿಕೊಂಡರು. ತಲೆಬುರುಡೆ ಮೇಲೆ ಕೂಡಿಲ್ಲ, ಒಳಗೆ ಇರಬೇಕಾದದ್ದು ಇಲ್ಲ, ಹೊರಗೆ ಬಂದರೆ ಕೆಲವು ಗಂಟೆ ಎಂದರು. ಬಸಿರು ಇಳಿಸಲು ಮುಂದಿನ ವಾರಕ್ಕೆ ದಿನ ಕೊಟ್ಟರು. ಅಷ್ಟರಲ್ಲಿ, ಮೂರು ತಿಂಗಳು ಮುಚ್ಚಿಟ್ಟಿದ್ದ ನಿಮ್ಮ ತೀರ್ಪು ರಾಜಪತ್ರದಲ್ಲಿ ಅಚ್ಚಾಯಿತು. ಮಾರನೆಯ ದಿನ ಡಾಕ್ಟರೇ ಫೋನ್ ಮಾಡಿದರು. "ಅಮ್ಮಾ, ನಿನ್ನೆ ತನಕ ಇದು ಚಿಕಿತ್ಸೆ ಆಗಿತ್ತು. ಇವತ್ತಿಂದ ನನಗೆ ಜೈಲು. ನನಗೂ ಮಕ್ಕಳಿದ್ದಾರೆ" ಎಂದರು. ಅವರ ಮಕ್ಕಳ ಬಗ್ಗೆ ಕೇಳಿ ಸಂತೋಷವಾಯಿತು ಎಂದು ಹೇಳಿ ಫೋನ್ ಇಟ್ಟೆ.

ಗಡಿ ದಾಟಿದರೆ ಚೆಕ್ ದೇಶದ ಆಸ್ಪತ್ರೆ, ಕಾರಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವ ದೂರ. ವಿತೋಲ್ದ್ ಎಲ್ಲ ಮಾತಾಡಿ ಗೊತ್ತು ಮಾಡಿದ್ದ. ನಾನು ಅಮ್ಮನಿಗೆ ಹೇಳಿದೆ. ಹೇಳಬಾರದಿತ್ತು. ಆದರೆ ನಲವತ್ತನಾಲ್ಕರಲ್ಲೂ ಹೊಟ್ಟೆ ನೋವಿಗೆ ಹೆಣ್ಣು ಮಕ್ಕಳು ಅಮ್ಮನ ಹತ್ತಿರವೇ ಹೋಗುವುದು. ಅಮ್ಮ ನಿನಗೆ ಹೇಳಿದಳು. "ಅವ್ನು ದೊಡ್ಡೋನು, ಏನಾದ್ರೂ ದಾರಿ ಮಾಡ್ತಾನೆ ಅಂದ್ಕೊಂಡೆ ಕಣೇ" ಎಂದು ಆಮೇಲೆ ಏಪ್ರನ್ನಿನ ತುದಿ ಕಚ್ಚಿಕೊಂಡು ಹೇಳಿದಳು. ನೀನು ದಾರಿ ಮಾಡಿದೆ. ಭಾನುವಾರ ನಾನೂ ವಿತೋಲ್ದ್ ಬೀಟ್‌ರೂಟ್ ಸಾರು ಕುಡಿಯುತ್ತಾ ಕೂತಿದ್ದಾಗ ಟೀವಿಯಲ್ಲಿ ನೀನು ಬಂದೆ. ನಿರೂಪಕಿ ನಿನ್ನ ಕುರ್ಚಿಯ ಬಗ್ಗೆ ಕೇಳಿದಳು, ಜನ ನಿಮ್ಮ ತೀರ್ಪನ್ನು ತೀರ್ಪೇ ಅಲ್ಲ ಎನ್ನುತ್ತಾರಲ್ಲ ಎಂದಳು. ನೀನು ಕನ್ನಡಕ ತೆಗೆದೆ. "ನಾವು ಕಲ್ಲು ಹೃದಯದವರಲ್ಲ. ಲಿಪೊವಾ ಗೂರಾದಲ್ಲಿ ನನ್ನ ಒಡಹುಟ್ಟಿದ ತಂಗಿ ಇಂಥದೇ ಮಗುವನ್ನ ಹೊತ್ತಿದ್ದಾಳೆ. ಪ್ರೀತಿಯಿಂದ ಹೆರ್ತಾಳೆ. ಆ ಮಗುವಿಗೆ ನಾನೇ ಜ್ಞಾನತಂದೆ ಆಗ್ತೀನಿ" ಎಂದೆ. ನಿನ್ನ ಕಣ್ಣು ಒದ್ದೆಯಾಗಿತ್ತು. ನಿಜವಾಗಿಯೂ ಆಗಿತ್ತು, ನಿನ್ನ ಕಣ್ಣನ್ನು ನಾನು ಬಲ್ಲೆ. ಅದೇ ಕ್ಷಮಿಸಲು ಕಷ್ಟವಾದದ್ದು. ನಾಟಕವಾಗಿದ್ದರೆ ಚಾನೆಲ್ ಬದಲಾಯಿಸುತ್ತಿದ್ದೆ.

ಸೋಮವಾರ ಅರಣ್ಯ ಇಲಾಖೆಯ ಮೇಲಧಿಕಾರಿ ವಿತೋಲ್ದ್‌ನನ್ನು ಕರೆದು ಕಾಫಿ ಕೊಟ್ಟ. "ನಿನ್ ಹೆಂಡ್ತೀನ ನೋಡಿ ಎಲ್ಲರಿಗೂ ಹೆಮ್ಮೆ. ಗಡಿ ಕಡೆ ಹೋಗೋ ವಿ‍ಚಾರ ಏನಾದ್ರೂ ಇದ್ರೆ ನನ್ ಕಿವಿಗೆ ಬೀಳ್ಬಾರ್ದು ಮಾರಾಯ. ಬಿದ್ರೆ ನಾನು ಬರ್ದು ಕೊಡ್ಬೇಕಾಗುತ್ತೆ" ಎಂದ. ಹೋಗುವವಳಿಗೆ ಶಿಕ್ಷೆಯಿಲ್ಲ, ಕರೆದೊಯ್ದವನಿಗೆ ಇದೆ; ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಸರಿ, ನಾನೊಬ್ಬಳೇ ಹೋಗುತ್ತೇನೆಂದು ಬುಧವಾರ ಬಸ್ಸು ಹತ್ತಿದೆ. ಹತ್ತಿ ಕೂತೂ ಆಗಿತ್ತು. ಪಕ್ಕದ ಸೀಟಿನಿಂದ ಬೇಕರಿಯ ಮುದುಕಿ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಟೀವೀಲಿ ಹೇಳಿದ್ರಲ್ಲ, ನೀನೇ ಅಲ್ವೇನಮ್ಮ? ಎಂಥಾ ತಾಯಿ! ದಿನಾ ನಿಂಗೋಸ್ಕರ ಒಂದು ಜಪಮಾಲೆ ಹೇಳ್ತೀನಿ" ಎಂದಳು. ಡ್ರೈವರ್ ಟೋಪಿ ತೆಗೆದ. ಹಿಂದಿನ ಸೀಟಿನವರು ಶಾಲು ಹೊದಿಸಿದರು, ಯಾರೋ ಸೇಬು ಕೊಟ್ಟರು, "ಎಲ್ಲಿಗೆ ಹೊರಟ್ರಿ ಟೀಚರ್, ಈ ಚಳೀಲಿ?" ಎಂದು ಕೇಳಿದರು. ಅಣ್ಣ, ಯಾರಾದರೂ ಉಗಿದಿದ್ದರೆ ನಾನು ಹೋಗಿಬಿಡುತ್ತಿದ್ದೆ. ಅಷ್ಟು ಮಂದಿ ಪ್ರೀತಿಯಿಂದ ದಾರಿಗೆ ಅಡ್ಡ ನಿಂತರೆ ಇಳಿಯದೆ ಏನು ಮಾಡುವುದು? ಮುಂದಿನ ನಿಲ್ದಾಣದಲ್ಲಿ ಇಳಿದು, ಸೇಬು ತಿನ್ನುತ್ತಾ ಮನೆಗೆ ನಡೆದೆ. ಆಮೇಲೆ ಸಾಂಕ್ರಾಮಿಕ ರೋಗದ ನೆಪದಲ್ಲಿ ಗಡಿಯಲ್ಲೂ ತಪಾಸಣೆ ಬಂತು, ಆ ಆಸ್ಪತ್ರೆ ಒಪ್ಪುವ ದಿನಗಳೂ ದಾಟಿದವು. ನನ್ನ ಹೊಟ್ಟೆ ಬೆಳೆಯುತ್ತಾ ಹೋಯಿತು. ಶಾಲೆಯ ಮಕ್ಕಳು "ಪಾಪು ಒದೆಯುತ್ತಾ ಟೀಚರ್?" ಎಂದು ಕೇಳುತ್ತಿದ್ದರು. ಒದೆಯುತ್ತಿದ್ದಳು. ಬಹಳ ಚೆನ್ನಾಗಿ ಒದೆಯುತ್ತಿದ್ದಳು.

ಮಾರ್ಚಿನಲ್ಲಿ ನಾನು ಪ್ರೊಫೆಸರ್ ಸೊಬೊತ್ಕಾ ಅವರಿಗೆ ಬರೆದೆ. ಆ ಕುರ್ಚಿಯಲ್ಲಿ ನೀವಿದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿದ್ದೆ ಅಷ್ಟೇ. ಅವರು ಫೋನ್ ಮಾಡಿದರು. ನಿಧಾನವಾದ ದನಿ, ಪ್ರತಿ ಮಾತನ್ನೂ ತೂಗಿ ಇಡುವವರು. "ಅಮ್ಮಾ, ನಿಮಗೆ ಸುಳ್ಳು ಹೇಳೋಕೆ ಮನಸ್ಸಿಲ್ಲ. ನಾನಿದ್ದಿದ್ರೂ ಬಹುಶಃ ನಿಮಗೆ ವಿರುದ್ಧವಾಗೇ ಬರೀತಿದ್ದೆ. ನನ್ನ ನಂಬಿಕೆ ಹಾಗಿದೆ" ಎಂದರು. ನಾನು ಫೋನ್ ಇಟ್ಟುಬಿಡುವವಳಿದ್ದೆ. "ಆದ್ರೆ ಬರೆದಾದ ಮೇಲೆ ನಿಮ್ಮಂಥವರ ಮನೆ ಬಾಗಿಲಿಗೆ ಬಂದು ಮುಖ ತೋರಿಸೋ ಋಣ ನಂದಾಗಿರ್ತಿತ್ತು. ನೀವು ಬಯ್ಯಬಹುದಿತ್ತು" ಎಂದರು.

ಆ ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ಅವರನ್ನಾದರೆ ನೆಟ್ಟಗೆ ದ್ವೇಷಿಸಬಹುದಿತ್ತು. ನ್ಯಾಯಾಧೀಶನೊಬ್ಬ ತಪ್ಪು ತೀರ್ಪು ಕೊಟ್ಟ ಎಂದು ಶಪಿಸಿ, ಶಪಿಸಿ, ಒಂದು ದಿನ ಸುಮ್ಮನಾಗಬಹುದಿತ್ತು. ನಿನ್ನ ವಿಷಯದಲ್ಲಿ ನನಗೆ ಆ ಸೌಕರ್ಯವೂ ಇಲ್ಲ. ನೀನು ಕೊಟ್ಟ ತೀರ್ಪು ತಪ್ಪು ಎಂದು ಬೈದರೆ ನೀನು ನ್ಯಾಯಾಧೀಶ ಎಂದು ಒಪ್ಪಿದಂತಾಗುತ್ತದೆ. ಬೈಯದೆ ಬಿಟ್ಟರೆ ರೋಜಾ ಯಾರಿಂದ ಹೀಗೆ ಹುಟ್ಟಬೇಕಾಯಿತು ಎಂಬುದಕ್ಕೆ ಹೆಸರೇ ಇಲ್ಲ. ಬೆಳಿಗ್ಗೆ ಎದ್ದು ಅವರಿಗೇ ಫೋನ್ ಮಾಡಿ ಕೇಳಿದೆ, ನನ್ನ ಮಗುವಿಗೆ ಜ್ಞಾನತಂದೆಯಾಗುತ್ತೀರಾ ಎಂದು. ನಮ್ಮ ಕಡೆಯ ಪದ್ಧತಿಯನ್ನೂ ಹೇಳಿದೆ, ಮರೆಮಾಚಲಿಲ್ಲ. "ಗುಡ್ಡ ತುಂಬಾ ಕಡಿದಾ? ನನಗೊಂದು ಮಂಡಿ ಹೋಗಿದೆ" ಎಂದರು. ಕಡಿದೇ ಎಂದೆ. "ಇರಲಿ, ನಿಧಾನಕ್ಕೆ ಏರ್ತೀನಿ. ನಮಗೇನು ಅವಸರ" ಎಂದರು. ಅಣ್ಣ, ಪ್ರತಿ ಭಾನುವಾರ ಪೂಜೆಗೆ ಹೋಗುವ ಮನುಷ್ಯ. ಜ್ಞಾನತಂದೆಯಾಗಲು ಫಾದರ್ ಕೇಳುವ ಯೋಗ್ಯತಾಪತ್ರ ಅವರಿಗೆ ಒಂದೇ ದಿನದಲ್ಲಿ ಸಿಕ್ಕಿತು.

ಇಷ್ಟಾದರೂ ನಿನಗೊಂದು ಬಾಗಿಲು ತೆರೆದಿತ್ತು. ಅದನ್ನು ಹೇಳಿಬಿಡುತ್ತೇನೆ, ಆಮೇಲೆ ನಾನು ಮೊದಲೇ ತೀರ್ಪು ಬರೆದಿಟ್ಟು ವಿಚಾರಣೆ ನಡೆಸಿದೆ ಎನ್ನಬೇಡ. ಸೋಮವಾರ ರೋಜಾ ಬಂದಾಗ ಸಬೀನಾ ತಾನೇ ಹೆಣೆದು ತಂದ ಹಳದಿ ಟೋಪಿಯನ್ನು ತಕ್ಷಣ ಹಾಕಿದಳು. ಟೋಪಿ ಹಾಕಿದ ಮೇಲೆ ಬರೀ ಮಗು. ಬೆರಳು, ಉಗುರು, ಕಿವಿ, ಎಲ್ಲವೂ ಅಚ್ಚುಕಟ್ಟು. ಮೂಗು ನಿನ್ನದು. ನಮ್ಮಪ್ಪನ ಮೂಗು, ತುದಿಯಲ್ಲಿ ಒಂಚೂರು ಬಾಗಿದ್ದು. ಆ ಮೂಗನ್ನು ನೋಡಿ ನನ್ನ ಕಲ್ಲು ಕರಗಿತು. ಅಣ್ಣ ನಮ್ಮವನೇ, ಪ್ರೊಫೆಸರರಿಗೆ ಆಮೇಲೆ ಕ್ಷಮೆ ಕೇಳಿದರಾಯಿತು ಎಂದುಕೊಂಡೆ. ಅಮ್ಮನಿಗೆ, ಆಲ್ಬಿನ್‌ಗೆ ಫೋನ್ ಮಾಡು, ಎತ್ತಿದರೆ ಅವನೇ ಜ್ಞಾನತಂದೆಯಾಗಲಿ, ಅವಳ ಉಸಿರಾಟವನ್ನಾದರೂ ಫೋನಿನಲ್ಲಿ ಕೇಳಲಿ ಎಂದೆ. ಅಮ್ಮ ಮೊಬೈಲು ಹಿಡಿದು ಆಸ್ಪತ್ರೆಯ ಪಡಸಾಲೆಗೆ ಓಡಿ, ನರ್ಸಿನ ಕೈಗೆ ಕೊಟ್ಟು ಮಾಡಿಸಿದಳು. ನಿನ್ನ ಕಾರ್ಯದರ್ಶಿ ಹುಡುಗ, "ಕಾರ್ಯಕ್ರಮದಲ್ಲಿದ್ದಾರೆ, ಹೇಳ್ತೀನಿ" ಎಂದನಂತೆ. ಮತ್ತೆ ಮಾಡಿಸಿದಳು. "ಹೇಳಿದೀನಿ, ಕೈಸನ್ನೆ ಮಾಡಿದ್ರು" ಎಂದನಂತೆ. ಮತ್ತೆ ಮಾಡಿಸಿದಳು. ಇತ್ತ ರೋಜಾಳ ತುಟಿ ನೀಲಿಯಾಗುತ್ತಿತ್ತು. ಸಬೀನಾ ಬಟ್ಟಲಲ್ಲಿ ನೀರು ಹಿಡಿದು, "ಲುದ್ಕಾ, ಇನ್ನು ಕಾಯೋಕಾಗಲ್ಲ. ಫಾದರ್ ಬರೋ ಹೊತ್ತಿಗೆ ತಡ ಆಗುತ್ತೆ. ಜ್ಞಾನತಂದೆ ಯಾರು, ಹೆಸರು ಹೇಳು" ಎಂದಳು. ನಾನು ಬಾಗಿಲ ಕಡೆ ನೋಡಿದೆ. ಆಮೇಲೆ ಹೇಳಿದೆ, ಸೊಬೊತ್ಕಾ. ಅವರ ಪರವಾಗಿ ಸಬೀನಾಳೇ ಮಗುವನ್ನು ಹಿಡಿದುಕೊಂಡಳು, ನೀರು ಹಾಕಿದ್ದೂ ಅವಳೇ. ಆಮೇಲೆ ರೋಜಾ ಒಂದಿಷ್ಟು ಚೇತರಿಸಿಕೊಂಡು, ಬೆಕ್ಕಿನ ಮರಿಯ ಹಾಗೆ ಸದ್ದು ಮಾಡುತ್ತಾ, ಸಂಜೆಯವರೆಗೆ ನನ್ನ ಎದೆಯ ಮೇಲಿದ್ದಳು. ಅಮ್ಮ ಒಳಗೆ ಬಂದಾಗ ಎಲ್ಲ ಆಗಿಹೋಗಿತ್ತು. "ಆಲ್ಬಿನ್ ಅಂದ್ಯಾ?" ಎಂದಳು. ನಾನು ಟೋಪಿ ಸರಿಮಾಡುತ್ತಿದ್ದೆ.

ನೀನು ಯಾವ ಕಾರ್ಯಕ್ರಮದಲ್ಲಿದ್ದೆ ಎಂದು ರಾತ್ರಿಯ ವಾರ್ತೆಯಲ್ಲಿ ತಿಳಿಯಿತು. ಕುಟುಂಬದ ರಕ್ಷಣೆಯ ಬಗ್ಗೆ ಭಾಷಣವಂತೆ. ಚೆನ್ನಾಗಿ ಮಾತಾಡಿದ್ದೀಯ. ಕೈಸನ್ನೆಯೂ ಕಂಡಿತು, ನಡುವೆ ಒಮ್ಮೆ ಬಲಗಡೆಗೆ ತಿರುಗಿ, ನೊಣ ಓಡಿಸುವ ಹಾಗೆ ಬೆರಳಾಡಿಸಿದೆ.

ನಿನಗೆ ಶನಿವಾರದ ಚಿತ್ರ ಏಕೆ ಬೇಕೆಂದು ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ಕೆಳಗಿನ ಕೋರ್ಟಿನವರು ನಿಮ್ಮ ಮಾತನ್ನು ಬದಿಗೆ ಸರಿಸುತ್ತಾರಂತೆ, ಹೊರದೇಶದ ದೊಡ್ಡ ನ್ಯಾಯಾಲಯವೂ ನಿಮ್ಮಂಥವರ ಪೀಠ ಪೀಠವೇ ಅಲ್ಲ ಎಂದಿತಂತೆ, ನಿನ್ನನ್ನು ಕೂರಿಸಿದ ಪಕ್ಷದವರೇ ಮತ ಇಳಿಯಿತೆಂದು ನಿನ್ನನ್ನು ಓರೆಗಣ್ಣಿನಲ್ಲಿ ನೋಡುತ್ತಾರಂತೆ. ಇಂಥ ಹೊತ್ತಿನಲ್ಲಿ ನ್ಯಾಯಮೂರ್ತಿಯೊಬ್ಬ ತನ್ನ ತಂಗಿಯ ಮಗುವಿನ ಬಿಳಿ ಪೆಟ್ಟಿಗೆ ಹೊತ್ತು ಗುಡ್ಡ ಏರುತ್ತಿದ್ದರೆ ಯಾರ ಬಾಯಿ ತಾನೇ ಏಳುತ್ತದೆ? ಕುರ್ಚಿ ಕೊಡದ ಮರ್ಯಾದೆಯನ್ನು ಪೆಟ್ಟಿಗೆ ಕೊಡುತ್ತದೆ. ಒಳ್ಳೆಯ ಯೋಚನೆ. ಆದರೆ ಪೆಟ್ಟಿಗೆ ಪ್ರೊಫೆಸರರದು. ಅವರು ನಾಳೆ ಸಂಜೆಯ ರೈಲಿಗೆ ಬರುತ್ತಾರೆ, ಸಬೀನಾಳ ಮನೆಯಲ್ಲಿ ಉಳಿಯುತ್ತಾರೆ. ಫಾದರ್ ಮಾರ್ಚೆಲಿಗೆ ಎಲ್ಲ ಹೇಳಿದ್ದೇನೆ. "ಆ ಟೀವಿ ವ್ಯಾನಿನ ಮುಂದೆ ನಿಂತ್ಕೊಂಡು ಬೇರೆಯವರ ಹೆಸರು ಕೂಗಬೇಕಾ? ಬಿಷಪ್ಪರು ನನ್ನ ಚರ್ಮ ಸುಲೀತಾರೆ ಕಣಮ್ಮ" ಎಂದು ತಲೆ ಹಿಡಿದುಕೊಂಡರು. ಕೊಟ್ಟ ಜ್ಞಾನಸ್ನಾನ ಸಿಂಧುವೋ ಅಲ್ಲವೋ ಎಂದು ಕೇಳಿದೆ. ಸಿಂಧು ಎಂದರು. ಹಾಗಾದರೆ ಜ್ಞಾನತಂದೆ ಯಾರು ಎಂದೆ. ತಮ್ಮ ಚಪ್ಪಲಿ ನೋಡಿಕೊಂಡು, "ಆಯ್ತು, ಅವ್ರನ್ನೇ ಕರೀತೀನಿ" ಎಂದರು. ಒಬ್ಬ ಹಳ್ಳಿಯ ಪಾದ್ರಿಗೆ ಇಷ್ಟು ಹೊಳೆಯುತ್ತದೆ ನೋಡು.

ನೀನು ಬಾ. ಬರಬೇಡ ಎನ್ನಲು ನಾನು ಯಾರು? ಪೆಟ್ಟಿಗೆಯ ಹಿಂದೆ ವಿತೋಲ್ದ್ ಮತ್ತು ನಾನು, ನಮ್ಮ ಹಿಂದೆ ವಿತೋಲ್ದ್‌ನ ಕಡೆಯವರು, ಅವರ ಹಿಂದೆ ಸೋದರಮಾವಂದಿರ ಸಾಲು. ಅಲ್ಲಿ ನಿನಗೊಂದು ಜಾಗವಿದೆ, ಅದು ನಿನ್ನದೇ, ಅದನ್ನು ಯಾರೂ ಕಸಿಯುವುದಿಲ್ಲ. ಟೀವಿಯವರಿಗೆ ಬಾವಿಯ ಪಕ್ಕದ ದಿಬ್ಬ ಬಿಡಿಸಿಕೊಟ್ಟಿದ್ದೇನೆ. ಅಲ್ಲಿಂದ ಪ್ರೊಫೆಸರರ ಮುಖ ಚೆನ್ನಾಗಿ ಕಾಣುತ್ತದೆ. ಔಷಧಿ ಅಂಗಡಿಯ ಹುಡುಗಿ ಶನಿವಾರಕ್ಕೆ ಹೊಸ ಸಾಲು ಬೇಕೆಂದು ಬಂದಿದ್ದಳು. ಕೊಡಲಿಲ್ಲ. ಹೆಂಗಸರು ದಾರಿಯ ಎರಡೂ ಬದಿ ಸುಮ್ಮನೆ ನಿಲ್ಲುತ್ತಾರೆ. ಸುಮ್ಮನೆ ಇರುವವರ ಮಧ್ಯೆ ನಡೆಯುವುದು ಪೀಪಿಗಿಂತ ಕಷ್ಟ, ಅದಕ್ಕೆ ಸಿದ್ಧನಾಗಿ ಬಾ. ಜ್ಞಾನತಂದೆ ಕೊಡುವ ಮೇಣದಬತ್ತಿ ಎಂದು ಜೂನಿನಲ್ಲಿ ನೀನು ಕೊರಿಯರಿನಲ್ಲಿ ಕಳಿಸಿದ್ದನ್ನು ಈ ಪತ್ರದ ಜೊತೆ ವಾಪಸು ಕಟ್ಟಿದ್ದೇನೆ. ಹೊತ್ತಿಸಿಲ್ಲ. ಕರೆಂಟು ಹೋದಾಗ ಅತ್ತಿಗೆಗೆ ಆದೀತು.

ಅತ್ತಿಗೆಗೆ ನನ್ನ ನೆನಪು ತಿಳಿಸು, ಅವಳ ಮೇಲೆ ನನಗೇನೂ ಇಲ್ಲ. ವಿತೋಲ್ದ್ ನಿನಗೆ ಏನೂ ಹೇಳಿಲ್ಲ; ಹೇಳು ಎಂದರೆ ಗರಗಸ ಹುಡುಕಲು ಹೋಗುತ್ತಾನೆ. ದೇವರು ನಿನಗೆ ದೀರ್ಘಾಯುಸ್ಸು ಕೊಡಲಿ. ಪೀಠದ ಅವಧಿ ಮುಗಿದು, ಗೇಟಿನ ಪೊಲೀಸರು ಹೋಗಿ, ಫೋನು ಸದ್ದಿಲ್ಲದೆ ಕೂತ ಮೇಲೂ ಎಲ್ಲವನ್ನೂ ನೆನಪಿಟ್ಟುಕೊಂಡಿರುವಷ್ಟು ದೀರ್ಘ ಆಯುಸ್ಸು ಕೊಡಲಿ.

ನಿನ್ನ ತಂಗಿ,
ಲುದ್ಮಿವಾ

ತಾ.ಕ.: ಬಸ್ಸಿನವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇದ್ಯಾವುದೂ ಅಮ್ಮನಿಗೆ ಗೊತ್ತಿಲ್ಲ. ನಾಲ್ಕು ದಿನದಿಂದ ನಾರುಬಟ್ಟೆಯನ್ನು ನಿನ್ನ ಎತ್ತರಕ್ಕೆ ಮಡಿಸಿ, ಬಿಚ್ಚಿ, ಗಂಜಿ ಹಾಕಿ, ಇಸ್ತ್ರಿ ಮಾಡುತ್ತಿದ್ದಾಳೆ. ಬೀದಿಗೆಲ್ಲ "ನನ್ ಮಗ ಬಂದು ಹೊರ್ತಾನೆ" ಎಂದು ಹೇಳಿಕೊಂಡು ಬಂದಿದ್ದಾಳೆ. ನಾನು ಹೇಳುವುದಿಲ್ಲ. ವಿತೋಲ್ದ್ ಹೇಳುವುದಿಲ್ಲ. ಫಾದರೂ ಒಲ್ಲೆ ಎಂದರು. ನೀನೇ ಬಂದು ಹೇಳು. ಶನಿವಾರ ನೀನು ಬರದಿದ್ದರೆ ಹೊಸ್ತಿಲಲ್ಲಿ ಬಟ್ಟೆ ಹಿಡಿದು ಕಾಯುತ್ತಾಳೆ, ಬಂದು ಸುಮ್ಮನಿದ್ದರೆ ಫಾದರ್ ಬೇರೆ ಹೆಸರು ಕರೆದಾಗ ನಿನ್ನ ಮುಖವನ್ನೇ ನೋಡುತ್ತಾಳೆ. ಅಕ್ಟೋಬರಿನಲ್ಲಿ ನೀನು ಓದಿದ್ದು ಮುಖ ಕಾಣದ ಹೆಂಗಸರಿಗೆ, ಇದು ಒಬ್ಬಳಿಗೆ. ಫೋನಿನಲ್ಲಿ ಆಗುವ ಕೆಲಸವಲ್ಲ. ಈಸ್ಟರ್ ಆದಮೇಲೆ ಅವಳ ಕಿವಿ ಪೂರಾ ಮಂದವಾಗಿದೆ. ಹತ್ತಿರ ಬಾಗಿ, ಅಂಗಳಕ್ಕೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ, ಬಹುಶಃ ಎರಡು ಸಲ ಹೇಳಬೇಕಾಗುತ್ತದೆ.